‘ಸಂಪರ್ಕ ಖಾಸಗಿಯಾಗಿಲ್ಲ’ ಎಂದು ಬ್ರೌಸರ್ ತಡೆದಾಗ: ದೋಷ ಯಾರದು, ಸರಿಪಡಿಸುವುದು ಹೇಗೆ?

ವಿಳಾಸ ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. ತೆರೆಯಬೇಕಾದ ಜಾಲತಾಣದ ಬದಲು ಬೋಳು ಪುಟ, ಮೇಲೊಂದು ಕೆಂಪು ತ್ರಿಕೋನ, ಅದರ ಕೆಳಗೆ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂಬ ಸಾಲು. ಇದು ಕ್ರೋಮ್ ಹೇಳುವ ರೀತಿ. ಫೈರ್‌ಫಾಕ್ಸ್ ಇದನ್ನೇ ‘ಪೊಟೆನ್ಷಿಯಲ್ ಸೆಕ್ಯುರಿಟಿ ರಿಸ್ಕ್ ಅಹೆಡ್’ ಎನ್ನುತ್ತದೆ. ಅರ್ಜಿ ತುಂಬಲು ಅಂದೇ ಕೊನೆಯ ದಿನವಾಗಿದ್ದರಂತೂ ಕೈಕಾಲು ಆಡುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ‘ಅಡ್ವಾನ್ಸ್‌ಡ್’ ಒತ್ತಿ, ಕೆಳಗೆ ಮೂಡುವ ‘ಪ್ರೊಸೀಡ್’ ಕೊಂಡಿಯನ್ನೂ ಒತ್ತಿ ಒಳಗೆ ನುಗ್ಗುತ್ತಾರೆ. ಪಕ್ಕದಲ್ಲಿ ಕುಳಿತವರು ಕಲಿಸಿಕೊಟ್ಟ ಉಪಾಯ ಅದು. ಒಮ್ಮೆ ರೂಢಿಯಾದರೆ ಬ್ಯಾಂಕಿನ ಪುಟದಲ್ಲೂ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಇನ್ನು ಕೆಲವರು ಬ್ರೌಸರನ್ನೇ ತೆಗೆದುಹಾಕಿ ಮತ್ತೆ ಹಾಕಿಕೊಳ್ಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಂತೆ. ದೋಷ ಇರುವುದು ನಿಮ್ಮ ಯಂತ್ರದಲ್ಲೋ, ನಡುವಿನ ಜಾಲದಲ್ಲೋ, ಆ ಜಾಲತಾಣದಲ್ಲೋ ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು. ಅದು ಗೊತ್ತಾದರೆ ದುರಸ್ತಿ ಬಹಳ ಸಲ ಐದು ನಿಮಿಷದ ಕೆಲಸ.

ಅದಕ್ಕೂ ಮುಂಚೆ, ಈ ಎಚ್ಚರಿಕೆಯ ಮೂಲದಲ್ಲಿರುವ ಜಾಲತಾಣದ ಪ್ರಮಾಣಪತ್ರ (ಸರ್ಟಿಫಿಕೇಟ್) ಏನು ಮಾಡುತ್ತದೆ ಎಂಬುದು ತಿಳಿದಿರಲಿ. ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರವನ್ನು ಕಾಲೇಜಿನ ಗುಮಾಸ್ತರು ಹೇಗೆ ನೋಡುತ್ತಾರೆ? ಹೆಸರು ಇವರದೇ ತಾನೆ, ಅವಧಿ ಮುಗಿದಿಲ್ಲವಷ್ಟೆ, ತಹಶೀಲ್ದಾರರ ಸಹಿ ಇದೆಯೇ ಎಂದು. ನಿಮ್ಮ ಮನೆಯ ವರಮಾನ ಅವರಿಗೇನೂ ಗೊತ್ತಿಲ್ಲ. ತಹಶೀಲ್ದಾರರನ್ನು ನಂಬುತ್ತಾರೆ, ಆದ್ದರಿಂದ ಕಾಗದವನ್ನು ನಂಬುತ್ತಾರೆ. ಬ್ರೌಸರ್ ಮುಖ್ಯವಾಗಿ ಪರಿಶೀಲಿಸುವುದೂ ಈ ಮೂರನ್ನೇ: ಪ್ರಮಾಣಪತ್ರದಲ್ಲಿರುವ ಹೆಸರು ವಿಳಾಸಪಟ್ಟಿಯ ಹೆಸರಿಗೆ ಹೊಂದುತ್ತದೆಯೇ, ಇಂದಿನ ದಿನಾಂಕ ಅದರ ಅವಧಿಯೊಳಗಿದೆಯೇ, ಕೊಟ್ಟವರು ತನ್ನ ನಂಬಿಕೆಯ ಪಟ್ಟಿಯಲ್ಲಿದ್ದಾರೆಯೇ. ಕೊಡುವ ಸಂಸ್ಥೆಗಳಿಗೆ ಸರ್ಟಿಫಿಕೇಟ್ ಅಥಾರಿಟಿ ಎಂದು ಹೆಸರು. ಡಿಜಿಸರ್ಟ್, ಗ್ಲೋಬಲ್‌ಸೈನ್, ಸೆಕ್ಟಿಗೋ, ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಇವೆಲ್ಲ ಅಂಥವು. ಇಂಥ ಸಂಸ್ಥೆಗಳ ಮೂಲ ಪ್ರಮಾಣಪತ್ರಗಳ ಪಟ್ಟಿ, ಅಂದರೆ ರೂಟ್ ಪಟ್ಟಿ, ನಿಮ್ಮ ಬ್ರೌಸರಿನಲ್ಲೋ ಆಪರೇಟಿಂಗ್ ಸಿಸ್ಟಮ್‌ನಲ್ಲೋ ಮೊದಲೇ ಕೂತಿರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಕೆಂಪು ತ್ರಿಕೋನ.

ಹಂತ 1: ಸಣ್ಣ ಅಕ್ಷರದ ಸಾಲನ್ನು ಓದಿ

ಎಚ್ಚರಿಕೆಯ ಪುಟದಲ್ಲಿ ದಪ್ಪ ಅಕ್ಷರದ ಮಾತು ಬಹುತೇಕ ಸಲ ಒಂದೇ. ರೋಗ ಹೇಳುವುದು ಅದರ ಕೆಳಗೆ ಬೂದುಬಣ್ಣದಲ್ಲಿ, ಅಡಿಗೆರೆಗಳಿಂದ ಜೋಡಿಸಿದ ಇಂಗ್ಲಿಷ್ ಪದಗಳ ಸಣ್ಣ ಸಾಲು. ಕ್ರೋಮ್‌ನಲ್ಲಿ ಅದು ‘ನೆಟ್ ಎರರ್ ಸರ್ಟ್’ ಎಂದು ಶುರುವಾಗುತ್ತದೆ. ನೀವು ನೋಡಬೇಕಾದ್ದು ಅದರ ಕೊನೆ. ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ ದಿನಾಂಕದ ತಕರಾರು. ‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿದ್ದರೆ ಹೆಸರು ಹೊಂದುತ್ತಿಲ್ಲ. ‘ಅಥಾರಿಟಿ ಇನ್‌ವ್ಯಾಲಿಡ್’ ಎಂದರೆ ಕೊಟ್ಟವರು ಯಾರೋ ಬ್ರೌಸರಿಗೆ ಗೊತ್ತಿಲ್ಲ. ‘ರಿವೋಕ್ಡ್’ ಎಂದಿದ್ದರೆ ಕೊಟ್ಟ ಸಂಸ್ಥೆಯೇ ಅದನ್ನು ರದ್ದು ಮಾಡಿದೆ. ಅಲ್ಲಿಂದ ಮುಂದೆ ನೀವು ಮಾಡುವಂಥದ್ದೇನೂ ಇಲ್ಲ, ಪುಟ ಮುಚ್ಚಿ. ಫೈರ್‌ಫಾಕ್ಸ್‌ನಲ್ಲಿ ‘ಅಡ್ವಾನ್ಸ್‌ಡ್’ ಒತ್ತಿದ ಮೇಲೆ ಸಾಲು ಕಾಣುತ್ತದೆ. ಅಲ್ಲಿ ‘ಅನ್‌ನೋನ್ ಇಷ್ಯೂಯರ್’, ‘ಎಕ್ಸ್‌ಪೈರ್ಡ್ ಸರ್ಟಿಫಿಕೇಟ್’, ‘ಬ್ಯಾಡ್ ಸರ್ಟ್ ಡೊಮೇನ್’, ‘ಸೆಲ್ಫ್ ಸೈನ್ಡ್’ ಎಂಬ ಪದಗಳು ಬರುತ್ತವೆ. ಅರ್ಥ ಬೇರೆ ಹೇಳಬೇಕಿಲ್ಲ.

ಕಂಪ್ಯೂಟರಿನ ಕ್ರೋಮ್‌ನಲ್ಲಿ ಇನ್ನೊಂದು ಅನುಕೂಲವಿದೆ. ಬಹಳ ಜನರ ಕಣ್ಣಿಗೆ ಅದು ಬಿದ್ದಿಲ್ಲ. ಆ ಬೂದುಬಣ್ಣದ ಸಾಲಿನ ಮೇಲೇ ಕ್ಲಿಕ್ ಮಾಡಿ. ಕೆಳಗೆ ನಾಲ್ಕು ವಿವರ ಬಿಚ್ಚಿಕೊಳ್ಳುತ್ತವೆ: ‘ಸಬ್ಜೆಕ್ಟ್’, ಅಂದರೆ ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ, ‘ಇಷ್ಯೂಯರ್’, ಯಾರು ಕೊಟ್ಟರು, ‘ಎಕ್ಸ್‌ಪೈರ್ಸ್ ಆನ್’, ಎಂದು ಮುಗಿಯುತ್ತದೆ, ‘ಕರೆಂಟ್ ಡೇಟ್’, ನಿಮ್ಮ ಕಂಪ್ಯೂಟರಿನ ಪ್ರಕಾರ ಇಂದು ಯಾವ ದಿನ. ಈ ನಾಲ್ಕು ಸಾಲಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹಂತಗಳಿಗೂ ಅದು ಬೇಕಾಗುತ್ತದೆ. ಬೇರೆಯವರ ಸಹಾಯ ಕೇಳುವಾಗಲೂ ‘ಏನೋ ಎರರ್ ಬರ್ತಿದೆ’ ಎನ್ನುವ ಬದಲು ಇದನ್ನು ಕಳಿಸಬಹುದು.

ಹಂತ 2: ದೋಷ ಯಾರ ಕಡೆ ಎಂದು ಪರೀಕ್ಷಿಸಿ

ಪರೀಕ್ಷೆ ಎರಡೇ. ಅದೇ ಬ್ರೌಸರಿನಲ್ಲಿ ಸಂಬಂಧವಿಲ್ಲದ ಇನ್ನೆರಡು ಜಾಲತಾಣ ತೆರೆಯಿರಿ. ವಿಕಿಪೀಡಿಯ, ಯಾವುದಾದರೂ ಪತ್ರಿಕೆಯ ತಾಣ, ಏನಾದರೂ ಆದೀತು. ಎಲ್ಲದರಲ್ಲೂ ಎಚ್ಚರಿಕೆ ಬಂದರೆ ದೋಷ ನಿಮ್ಮ ಯಂತ್ರದ್ದು ಅಥವಾ ನಿಮ್ಮ ಜಾಲದ್ದು. ಆಮೇಲೆ ನಿಮ್ಮ ಮೊಬೈಲಿನ ವೈಫೈ ಆರಿಸಿ, ಸಿಮ್ ಡೇಟಾದಲ್ಲಿ ಅದೇ ವಿಳಾಸ ತೆರೆದು ನೋಡಿ. ಅಲ್ಲೂ ಅದೇ ಎಚ್ಚರಿಕೆ ಬಂದರೆ, ಬೇರೆ ತಾಣಗಳೆಲ್ಲ ಚೆನ್ನಾಗಿದ್ದರೆ, ದೋಷ ಆ ಜಾಲತಾಣದವರದು. ನೇರ ಹಂತ 6ಕ್ಕೆ ಹೋಗಿ. ಮೊಬೈಲಿನಲ್ಲಿ ಸರಾಗವಾಗಿ ತೆರೆದುಕೊಂಡರೆ ಕ್ರಮವಾಗಿ ಮುಂದೆ ಓದಿ.

ಹಂತ 3: ಗಡಿಯಾರ ನೋಡಿ

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ಕಾರಣ ಇದೇ, ಎಲ್ಲಕ್ಕಿಂತ ಸುಲಭವಾಗಿ ಸರಿಯಾಗುವುದೂ ಇದೇ. ಪ್ರಮಾಣಪತ್ರಕ್ಕೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಕಂಪ್ಯೂಟರ್ ತಾನಿನ್ನೂ 2015ರಲ್ಲಿದ್ದೇನೆ ಎಂದುಕೊಂಡಿದ್ದರೆ ಈ ವರ್ಷ ಹುಟ್ಟಿದ ಪ್ರಮಾಣಪತ್ರಗಳೆಲ್ಲ ಅದಕ್ಕೆ ಇನ್ನೂ ಹುಟ್ಟದವು. ತಪ್ಪು ಬಹಳ ದೊಡ್ಡದಾಗಿದ್ದರೆ ಕ್ರೋಮ್ ತಾನೇ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎಂದು ಹೇಳುವುದೂ ಉಂಟು.

ಪರದೆಯ ಬಲಮೂಲೆಯಲ್ಲಿ ಗಂಟೆ ಸರಿ ಇದೆ ಎಂದು ಸುಮ್ಮನಾಗಬೇಡಿ. ವರ್ಷ ನೋಡಿ. ತಿಂಗಳು ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಆ ಗಡಿಯಾರದ ಮೇಲೆ ರೈಟ್ ಕ್ಲಿಕ್ ಮಾಡಿ ದಿನಾಂಕ ಮತ್ತು ಸಮಯದ ಸೆಟ್ಟಿಂಗ್ ತೆರೆಯಿರಿ. ‘ಸೆಟ್ ಟೈಮ್ ಆಟೊಮ್ಯಾಟಿಕಲಿ’ ಆನ್ ಇರಲಿ, ಕೆಳಗಿನ ‘ಸಿಂಕ್ ನೌ’ ಒತ್ತಿ. ಗಡಿಯಾರ ತಿಂಗಳು, ವರ್ಷಗಟ್ಟಲೆ ಹಿಂದಿದ್ದರೆ ಸಿಂಕ್ ಕೈಕೊಡಬಹುದು. ಆಗ ಆಟೊಮ್ಯಾಟಿಕ್ ಆಯ್ಕೆಯನ್ನು ಒಂದು ಗಳಿಗೆ ಆರಿಸಿ, ದಿನಾಂಕವನ್ನು ಕೈಯಲ್ಲೇ ಸರಿಮಾಡಿ, ಮತ್ತೆ ಆನ್ ಮಾಡಿ ಸಿಂಕ್ ಒತ್ತಿ. ಟೈಮ್ ಝೋನ್ ‘ಯುಟಿಸಿ +05:30 ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ’ ಎಂದಿರಬೇಕು. ಬೆಂಗಳೂರಿನ ಹೆಸರು ಆ ಸಾಲಿನಲ್ಲಿಲ್ಲ, ಹುಡುಕಬೇಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ‘ಡೇಟ್ ಅಂಡ್ ಟೈಮ್’ ಎಂಬಲ್ಲಿ ‘ಆಟೊಮ್ಯಾಟಿಕ್’ ಆನ್ ಮಾಡಿ. ಕಂಪನಿಯಿಂದ ಕಂಪನಿಗೆ ಜಾಗ ತುಸು ಬದಲಾಗುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ‘ಡೇಟ್ ಅಂಡ್ ಟೈಮ್’. ಮೊಬೈಲ್ ಗೇಮ್‌ನಲ್ಲಿ ಬೇಗ ಜೀವ ಬರಲೆಂದು ಮಕ್ಕಳು ದಿನಾಂಕವನ್ನು ಮುಂದಕ್ಕೆ ತಳ್ಳಿಟ್ಟು ಮರೆತಿರುವುದೂ ಉಂಟು. ಮನೆಯಲ್ಲಿ ವಿಚಾರಿಸಿ.

ಇಂದು ಸರಿಪಡಿಸಿದ ಗಡಿಯಾರ ನಾಳೆ ಬೆಳಿಗ್ಗೆ ಮತ್ತೆ ಹಳೆಯ ವರ್ಷಕ್ಕೆ ಹೋಗಿದೆಯೇ? ಕಂಪ್ಯೂಟರ್ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ‘ಎಫ್1 ಒತ್ತಿ ಮುಂದುವರಿಯಿರಿ’ ಎಂಬಂಥ ಇಂಗ್ಲಿಷ್ ಸಾಲು ಬರುತ್ತಿದೆಯೇ? ಹಾಗಾದರೆ ಮದರ್‌ಬೋರ್ಡ್ ಮೇಲಿನ ಸೀಮಾಸ್ ಸೆಲ್ ಸತ್ತಿದೆ. ಕರೆಂಟ್ ಇಲ್ಲದಾಗಲೂ ಒಳಗಿನ ಗಡಿಯಾರವನ್ನು ಓಡಿಸುವ ನಾಣ್ಯದಂಥ ಬ್ಯಾಟರಿ ಅದು. ಸಾಮಾನ್ಯವಾಗಿ ‘ಸಿಆರ್ 2032’ ಎಂಬ 3 ವೋಲ್ಟ್ ಸೆಲ್. ಗಡಿಯಾರ ರಿಪೇರಿ ಮಾಡುವ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಹೆಚ್ಚೇನಿಲ್ಲ. ಡೆಸ್ಕ್‌ಟಾಪ್ ಆಗಿದ್ದರೆ ನೀವೇ ಬದಲಿಸಬಹುದು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಉಳಿದ ಕರೆಂಟ್ ಇಳಿಯಲೆಂದು ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಸಿಪಿಯು ಡಬ್ಬಿಯ ಪಕ್ಕದ ತಗಡು ತೆಗೆದರೆ ಸೆಲ್ ಕಣ್ಣಿಗೆ ಬೀಳುತ್ತದೆ. ಅಂಚಿನ ಚಿಕ್ಕ ಲೋಹದ ಕೊಕ್ಕೆಯನ್ನು ಉಗುರಿನಿಂದ ತಳ್ಳಿದರೆ ಸೆಲ್ ತಾನೇ ಎದ್ದು ಬರುತ್ತದೆ. ಹೊಸದರ ಅಕ್ಷರವಿರುವ ಮುಖ ಮೇಲಕ್ಕೆ ಬರುವಂತೆ ಕೂರಿಸಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ‘ಡಿಲೀಟ್’ ಅಥವಾ ‘ಎಫ್2’ ಕೀಲಿ ಒತ್ತುತ್ತಾ ಬಯೋಸ್ ಒಳಗೆ ಹೋಗಿ, ದಿನಾಂಕ ಸರಿಮಾಡಿ, ಸೇವ್ ಮಾಡಿ ಹೊರಬನ್ನಿ. ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಲ್ ಅನೇಕ ಸಲ ವೈರಿಗೆ ಅಂಟಿಕೊಂಡು ಒಳಗೆ ಹುದುಗಿರುತ್ತದೆ. ಅದನ್ನು ರಿಪೇರಿಯವರ ಕೈಗೇ ಕೊಡುವುದು ಲೇಸು.

ಹಂತ 4: ನಡುವೆ ಯಾರಿದ್ದಾರೆ ನೋಡಿ

ಗಡಿಯಾರ ಸರಿ ಇದೆ, ಆದರೂ ಎಲ್ಲ ತಾಣದಲ್ಲೂ ‘ಅಥಾರಿಟಿ ಇನ್‌ವ್ಯಾಲಿಡ್’ ಎಂದು ಬರುತ್ತಿದೆ. ಅಂದರೆ ನಿಮಗೂ ಜಾಲತಾಣಕ್ಕೂ ನಡುವೆ ಯಾರೋ ಉತ್ತರಿಸುತ್ತಿದ್ದಾರೆ. ಹೆದರಬೇಡಿ, ಬಹಳ ಸಲ ಅವರು ಕಳ್ಳರಲ್ಲ.

ರೈಲು ನಿಲ್ದಾಣ, ವಿಮಾನ ನಿಲ್ದಾಣ, ಹೋಟೆಲ್‌ಗಳ ಉಚಿತ ವೈಫೈ ನೆನಪಿಸಿಕೊಳ್ಳಿ. ಸಂಪರ್ಕ ಸಿಕ್ಕಂತೆ ಕಂಡರೂ ಮೊಬೈಲ್ ಸಂಖ್ಯೆ, ಒಟಿಪಿ ಕೊಡುವ ತನಕ ಅದು ಹೊರಗೆ ಬಿಡುವುದಿಲ್ಲ. ನೀವು ಯಾವ ವಿಳಾಸ ಕೇಳಿದರೂ ತನ್ನ ಲಾಗಿನ್ ಪುಟವನ್ನೇ ಮುಂದಿಡಲು ನೋಡುತ್ತದೆ. ಬ್ರೌಸರ್ ಅದನ್ನು ಮೋಸವೆಂದು ಹಿಡಿಯುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ರೀಚಾರ್ಜ್ ಮುಗಿದ ದಿನವೂ ಇದೇ ಆಟ ನಡೆಯಬಹುದು: ಕೇಬಲ್‌ನವರ ‘ಹಣ ಕಟ್ಟಿ’ ಪುಟ ಬರಬೇಕಾದ ಜಾಗದಲ್ಲಿ ಪ್ರಮಾಣಪತ್ರದ ದೋಷ ಬರುತ್ತದೆ. ಉಪಾಯ ಸರಳ. ಗೂಢಲಿಪಿ ಬಳಸದ, ಬರೀ ಎಚ್‌ಟಿಟಿಪಿಯ ತಾಣವೊಂದನ್ನು ತೆರೆದರೆ ಲಾಗಿನ್ ಪುಟ ತಾನಾಗಿ ಮುಂದೆ ಬರುತ್ತದೆ. ಇದಕ್ಕೆಂದೇ ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ಎಂಬ ತಾಣವಿದೆ. ಲಾಗಿನ್ ಮುಗಿಸಿ ಮೊದಲಿನ ಪುಟವನ್ನು ರಿಫ್ರೆಶ್ ಮಾಡಿ.

ಎರಡನೆಯವರು ಆಂಟಿವೈರಸ್. ಕೆಲವು ಆಂಟಿವೈರಸ್‌ಗಳು ಎಚ್‌ಟಿಟಿಪಿಎಸ್ ಸಂಪರ್ಕವನ್ನು ನಡುವೆ ಬಿಚ್ಚಿ, ವೈರಸ್ ಹುಡುಕಿ, ಮತ್ತೆ ಮುಚ್ಚಿ ಬ್ರೌಸರಿಗೆ ಕೊಡುತ್ತವೆ. ಮತ್ತೆ ಮುಚ್ಚುವಾಗ ತಮ್ಮದೇ ಪ್ರಮಾಣಪತ್ರ ಅಂಟಿಸುತ್ತವೆ. ಅಪ್‌ಡೇಟ್ ಅರ್ಧಕ್ಕೆ ನಿಂತರೆ, ಅವಧಿ ಮುಗಿದರೆ, ಆ ಅಂಟು ಬಿಡುತ್ತದೆ. ಹಂತ 1ರಲ್ಲಿ ತೆಗೆದ ಫೋಟೊ ಈಗ ನೋಡಿ. ‘ಇಷ್ಯೂಯರ್’ ಸಾಲಿನಲ್ಲಿ ನಿಮ್ಮ ಆಂಟಿವೈರಸ್ ಹೆಸರಿದ್ದರೆ ಕಳ್ಳ ಸಿಕ್ಕಂತೆ. ಅದರ ಸೆಟ್ಟಿಂಗ್‌ನಲ್ಲಿ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’ ಅಥವಾ ‘ಎಸ್‌ಎಸ್‌ಎಲ್ ಸ್ಕ್ಯಾನಿಂಗ್’ ಎಂಬುದನ್ನು ಮಾತ್ರ ಆರಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ. ಆಂಟಿವೈರಸ್ಸನ್ನೇ ಕಿತ್ತುಹಾಕಬೇಡಿ.

ಮೂರನೆಯದು ಕಚೇರಿ, ಕಾಲೇಜುಗಳ ಫೈರ್‌ವಾಲ್. ಇಲ್ಲಿ ‘ಇಷ್ಯೂಯರ್’ ಸಾಲಿನಲ್ಲಿ ಫೈರ್‌ವಾಲ್ ಕಂಪನಿಯ ಹೆಸರೋ ಸಂಸ್ಥೆಯ ಹೆಸರೋ ಕಾಣುತ್ತದೆ. ಕಚೇರಿಯ ಯಂತ್ರದಲ್ಲಾದರೆ ಐಟಿ ವಿಭಾಗದವರೇ ತಮ್ಮ ರೂಟ್ ಪ್ರಮಾಣಪತ್ರ ಹಾಕಿಕೊಡುತ್ತಾರೆ, ಅದು ಅವರ ಯಂತ್ರ, ಅವರ ಹಕ್ಕು. ಹಾಸ್ಟೆಲ್ ವೈಫೈಗಾಗಿ ನಿಮ್ಮ ಸ್ವಂತ ಮೊಬೈಲಿಗೆ ಹಾಕಿಕೊಳ್ಳಿ ಎಂದರೆ ನಾನಾಗಿದ್ದರೆ ಒಪ್ಪುವುದಿಲ್ಲ. ಹಾಗೆ ಹಾಕಿಕೊಂಡ ಮೇಲೆ ಆ ಜಾಲದಲ್ಲಿ ನೀವು ಬ್ರೌಸರಿನಲ್ಲಿ ತೆರೆಯುವ ಪುಟ, ಟೈಪ್ ಮಾಡುವ ಪಾಸ್‌ವರ್ಡ್ ಎಲ್ಲವನ್ನೂ ನಡುವೆ ಬಿಚ್ಚಿ ನೋಡುವ ಶಕ್ತಿ ಅವರಿಗೆ ಬರುತ್ತದೆ. ಬ್ಯಾಂಕಿನ ಕೆಲಸವನ್ನು ಸಿಮ್ ಡೇಟಾದಲ್ಲೇ ಮುಗಿಸಿ.

ಹಂತ 5: ಯಂತ್ರಕ್ಕೆ ವಯಸ್ಸಾಗಿದೆಯೇ?

2021ರ ಸೆಪ್ಟೆಂಬರ್ 30ರಂದು ಜಗತ್ತಿನಾದ್ಯಂತ ಅನೇಕ ಹಳೆಯ ಕಂಪ್ಯೂಟರು, ಫೋನುಗಳಲ್ಲಿ ಇದ್ದಕ್ಕಿದ್ದಂತೆ ಈ ಎಚ್ಚರಿಕೆ ಕಾಣಿಸಿಕೊಂಡಿತು. ಯಾರೂ ದಾಳಿ ಮಾಡಿರಲಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು ಮೊದಮೊದಲು ಆಸರೆಯಾಗಿ ಬಳಸುತ್ತಿದ್ದ ಹಳೆಯ ರೂಟ್ ಒಂದರ ಅವಧಿ ಅಂದು ಮುಗಿಯಿತು, ಅಷ್ಟೇ. ಹೊಸ ರೂಟ್ ಪಟ್ಟಿ ಇದ್ದವರಿಗೆ ಏನೂ ತಿಳಿಯಲೇ ಇಲ್ಲ. ಅಪ್‌ಡೇಟ್ ಕಾಣದ ಯಂತ್ರಗಳು ಕಂಗಾಲಾದವು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ಪಟ್ಟಿಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಹೊಸ ರೂಟ್ ಇಲ್ಲವೇ ಇಲ್ಲ. ಅವುಗಳ ಅನುಕೂಲಕ್ಕೆಂದು ಮಾಡಿಕೊಂಡಿದ್ದ ವಿಶೇಷ ಏರ್ಪಾಡೂ 2024ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು.

ನಿಮ್ಮದು ಅಂಥ ಫೋನಾಗಿದ್ದರೆ, ಕೆಲವೇ ತಾಣಗಳಲ್ಲಿ ದೋಷ ಬರುತ್ತಿದ್ದರೆ, ಫೈರ್‌ಫಾಕ್ಸ್ (ನಿಮ್ಮ ಫೋನಿನಲ್ಲಿ ಓಡುವ ಆವೃತ್ತಿ ಇನ್ನೂ ಸಿಗುವುದಾದರೆ) ಹಾಕಿಕೊಂಡು ನೋಡಿ. ಫೈರ್‌ಫಾಕ್ಸ್ ಫೋನಿನ ಪಟ್ಟಿಯನ್ನು ನೆಚ್ಚದೆ ತನ್ನದೇ ರೂಟ್ ಪಟ್ಟಿಯನ್ನು ಹೊತ್ತು ತರುತ್ತದೆ. ಕಂಪ್ಯೂಟರುಗಳ ಮಟ್ಟಿಗೆ ಹೇಳುವುದಾದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ಅದರಲ್ಲಿ ಓಡುವ ಕೊನೆಯ ಕ್ರೋಮ್ ಆವೃತ್ತಿ 109. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂದು ಒಂದು ತಾಣ ತೆರೆಯದು, ನಾಳೆ ಇನ್ನೊಂದು. ಬೇರೆ ಬ್ರೌಸರ್ ಹಾಕಿ ಸ್ವಲ್ಪ ಕಾಲ ತಳ್ಳಬಹುದು, ಆದರೆ ಅಂಥ ಯಂತ್ರದಲ್ಲಿ ಹಣದ ವ್ಯವಹಾರ ಬೇಡ. ಹೊಸ ಯಂತ್ರವಿದ್ದೂ ದೋಷ ಬಂದರೆ ಬ್ರೌಸರನ್ನೂ ಆಪರೇಟಿಂಗ್ ಸಿಸ್ಟಮನ್ನೂ ಅಪ್‌ಡೇಟ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಹಂತ 6: ದೋಷ ಆ ಕಡೆಯದೇ ಆಗಿದ್ದರೆ

ಎರಡು ಯಂತ್ರ, ಎರಡು ಜಾಲ, ಆದರೂ ಒಂದೇ ತಾಣದಲ್ಲಿ ಎಚ್ಚರಿಕೆ. ಈಗ ಫೋಟೊದಲ್ಲಿನ ಹೆಸರು, ದಿನಾಂಕಗಳನ್ನು ನಿಧಾನವಾಗಿ ಓದಿ.

ಅವಧಿ ನಿನ್ನೆಯೋ ಮೊನ್ನೆಯೋ ಮುಗಿದಿದ್ದರೆ ಅವರು ನವೀಕರಿಸಲು ಮರೆತಿದ್ದಾರೆ. ದೊಡ್ಡ ದೊಡ್ಡ ಸಂಸ್ಥೆಗಳಲ್ಲೂ ನಡೆಯುವ ಎಡವಟ್ಟಿದು. ಕೆಲವು ಗಂಟೆ ಬಿಟ್ಟು ನೋಡಿದರೆ ಸರಿಯಾಗಿರುವ ಸಂಭವವೇ ಹೆಚ್ಚು. ಓದುವುದಷ್ಟೇ ಆಗಿದ್ದರೆ, ಲಾಗಿನ್, ಆಧಾರ್ ಸಂಖ್ಯೆ, ಹಣ ಏನೂ ಇಲ್ಲದಿದ್ದರೆ, ಮುಂದುವರಿದರೂ ಆಕಾಶವೇನೂ ಕಳಚಿ ಬೀಳುವುದಿಲ್ಲ. ಪಾಸ್‌ವರ್ಡ್ ಕೇಳುವ ತಾಣವಾದರೆ ಕಾಯಿರಿ. ಕೊನೆಯ ದಿನದ ಅರ್ಜಿಯಾದರೆ ಎಚ್ಚರಿಕೆಯ ಪುಟದ ಸ್ಕ್ರೀನ್‌ಶಾಟ್ ಅನ್ನು ದಿನಾಂಕ, ಸಮಯ ಕಾಣುವಂತೆ ತೆಗೆದು ಸಹಾಯವಾಣಿಗೆ ಅಂದೇ ಇಮೇಲ್ ಮಾಡಿಡಿ. ತಡವಾದದ್ದು ನಿಮ್ಮಿಂದಲ್ಲ ಎಂದು ತೋರಿಸಲು ಅದೊಂದು ದಾಖಲೆ.

ಹೆಸರು ಹೊಂದದಿದ್ದರೆ ಮೊದಲು ನೀವು ಟೈಪ್ ಮಾಡಿದ ಅಕ್ಷರಗಳನ್ನು ಪರೀಕ್ಷಿಸಿ. ಹಲವು ತಾಣಗಳು ಮುಂದೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇದ್ದಾಗ ತೆರೆಯುತ್ತವೆ, ಇಲ್ಲದಿದ್ದರೆ ಇಲ್ಲ. ಕೆಲವು ಇದಕ್ಕೆ ತದ್ವಿರುದ್ಧ. ಸೇರಿಸಿಯೋ ತೆಗೆದೋ ನೋಡಿ. ಪ್ರಮಾಣಪತ್ರದಲ್ಲಿ ಏನೇನೂ ಸಂಬಂಧವಿಲ್ಲದ ಹೆಸರಿದ್ದರೆ ಹಿಂದಕ್ಕೆ ಬನ್ನಿ.

ಸರ್ಕಾರಿ ತಾಣಗಳ ವಿಷಯಕ್ಕೊಂದು ಹಿನ್ನೆಲೆಯಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಡಿ ನಮ್ಮಲ್ಲಿ ಪ್ರಮಾಣಪತ್ರ ಕೊಡುವವರ ಮೇಲೆ ಸಿಸಿಎ ಎಂಬ ನಿಯಂತ್ರಕ ಕಚೇರಿ ಇದೆ. 2014ರ ಜುಲೈನಲ್ಲಿ ಅದರ ಪರವಾನಗಿ ಪಡೆದ ಸರ್ಕಾರಿ ಸಂಸ್ಥೆ ಎನ್‌ಐಸಿ ಕಡೆಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಟದ್ದು ಬಯಲಾಯಿತು. ಮಾರನೆಯ ದಿನವೇ ಸಿಸಿಎ ಎನ್‌ಐಸಿಯ ಪ್ರಮಾಣಪತ್ರಗಳನ್ನು ರದ್ದು ಮಾಡಿತು. ಸಿಸಿಎ ರೂಟ್ ಆಗ ಮೈಕ್ರೋಸಾಫ್ಟ್ ಪಟ್ಟಿಯಲ್ಲಿದ್ದದ್ದರಿಂದ ವಿಂಡೋಸ್ ಬಳಸುವವರಿಗೆ ಅಪಾಯವಿತ್ತು. ತನ್ನದೇ ಪಟ್ಟಿಯ ಫೈರ್‌ಫಾಕ್ಸ್ ಪಾರಾಯಿತು. ಕ್ರೋಮ್ ಆಮೇಲೆ ಸಿಸಿಎ ಸರಣಿಯ ಪ್ರಮಾಣಪತ್ರಗಳನ್ನು ‘ಜಿಒವಿ ಡಾಟ್ ಇನ್’, ‘ಎನ್‌ಐಸಿ ಡಾಟ್ ಇನ್’ ಸೇರಿದಂತೆ ಏಳು ಹೆಸರುಗಳಿಗಷ್ಟೇ ಸೀಮಿತಗೊಳಿಸಿತು. ಹೀಗಾಗಿ ‘ಸರ್ಕಾರದ್ದೇ ತಾನೆ, ಒತ್ತಿಬಿಡೋಣ’ ಎಂಬ ಧೈರ್ಯ ಬೇಡ. ಬ್ರೌಸರಿಗೆ ಅನುಮಾನ ಬಂದಿರುವುದು ಸರ್ಕಾರದ ಮೇಲಲ್ಲ, ಉತ್ತರಿಸುತ್ತಿರುವುದು ಸರ್ಕಾರದ ಸರ್ವರೇ ಹೌದೇ ಎಂಬುದರ ಮೇಲೆ.

ಹಂತ 7: ‘ಪ್ರೊಸೀಡ್’ ಯಾವಾಗ ಒತ್ತಬಹುದು?

ಒತ್ತಬಹುದಾದ ಜಾಗಗಳಿವೆ, ಆದರೆ ಕಡಿಮೆ. ಮನೆಯ ರೌಟರಿನ ಸೆಟ್ಟಿಂಗ್ ಪುಟ, 192.168ರಿಂದ ಶುರುವಾಗುವ ವಿಳಾಸ, ತಾನೇ ತನಗೆ ಬರೆದುಕೊಂಡ ಪ್ರಮಾಣಪತ್ರ ತೋರಿಸುತ್ತದೆ. ಪ್ರಿಂಟರ್, ಸಿಸಿಟಿವಿ ಡಬ್ಬಿ ಇವೂ ಹಾಗೆಯೇ. ಅವು ನಿಮ್ಮ ಮನೆಯಲ್ಲೇ ಇರುವ, ನೀವೇ ವೈರ್ ಚುಚ್ಚಿದ ಪೆಟ್ಟಿಗೆಗಳು; ಮನೆಯ ಜಾಲದಲ್ಲೇ ಕೂತು ತೆರೆಯುತ್ತಿದ್ದರೆ ಮುಂದುವರಿಯಿರಿ. ಜಿಎಸ್‌ಟಿ ರಿಟರ್ನ್‌ಗೆ ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ ಬಳಸುವ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ 127.0.0.1 ಎಂಬ ವಿಳಾಸಕ್ಕೆ ಒಪ್ಪಿಗೆ ಕೊಡಬೇಕಾಗಿ ಬರುತ್ತದೆ. ಅದು ನಿಮ್ಮದೇ ಕಂಪ್ಯೂಟರಿನ ವಿಳಾಸ. ಸಹಿ ಹಾಕುವ ತಂತ್ರಾಂಶವನ್ನು ಅಧಿಕೃತ ಪೋರ್ಟಲ್‌ನಿಂದಲೇ ಇಳಿಸಿಕೊಂಡಿದ್ದೀರಾದರೆ ಅಡ್ಡಿಯಿಲ್ಲ.

ಬ್ಯಾಂಕು, ಇಮೇಲ್, ಯುಪಿಐ, ಆಧಾರ್, ಆಸ್ಪತ್ರೆಯ ದಾಖಲೆ, ಇವುಗಳಲ್ಲಿ ಎಂದಿಗೂ ಬೇಡ. ಇಂಥ ಅನೇಕ ತಾಣಗಳಲ್ಲಿ ‘ಪ್ರೊಸೀಡ್’ ಕೊಂಡಿಯೇ ಕಾಣುವುದಿಲ್ಲ. ಎಚ್‌ಎಸ್‌ಟಿಎಸ್ ಎಂಬ ನಿಯಮದ ಮೂಲಕ ಆ ತಾಣದವರೇ ‘ನಮ್ಮ ಪ್ರಮಾಣಪತ್ರ ಸರಿಯಿಲ್ಲದಿದ್ದರೆ ಯಾರನ್ನೂ ಒಳಗೆ ಬಿಡಬೇಡ’ ಎಂದು ಬ್ರೌಸರಿಗೆ ಹೇಳಿಟ್ಟಿರುತ್ತಾರೆ. ಅದನ್ನು ದಾಟಿಸುವ ಉಪಾಯಗಳೆಂದು ಯೂಟ್ಯೂಬಿನಲ್ಲಿ ಸಿಗುವುದನ್ನು ಪ್ರಯೋಗಿಸಲು ಹೋಗಬೇಡಿ.

ಹಿಂದೆ ಅವಸರದಲ್ಲಿ ಕೊಟ್ಟ ಒಪ್ಪಿಗೆಗಳನ್ನು ಹಿಂದಕ್ಕೆ ಪಡೆಯಲೂ ಬರುತ್ತದೆ. ಕ್ರೋಮ್‌ನಲ್ಲಿ ಆ ತಾಣ ತೆರೆದು, ವಿಳಾಸಪಟ್ಟಿಯ ಎಡಗಡೆಯ ‘ನಾಟ್ ಸೆಕ್ಯೂರ್’ ಒತ್ತಿ, ಎಚ್ಚರಿಕೆಯನ್ನು ಮತ್ತೆ ಆನ್ ಮಾಡುವ ಆಯ್ಕೆ ಆರಿಸಿ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ‘ವ್ಯೂ ಸರ್ಟಿಫಿಕೇಟ್ಸ್’, ಅಲ್ಲಿ ‘ಸರ್ವರ್ಸ್’ ಎಂಬ ಪಟ್ಟಿಯಲ್ಲಿ ಬೇಡದ್ದನ್ನು ಅಳಿಸಿ.

ಒಂದು ಎಚ್ಚರಿಕೆ ಇಲ್ಲೇ ಸೇರಿಸುತ್ತೇನೆ. ಪ್ರಮಾಣಪತ್ರ ಸರಿ ಇದ್ದ ಮಾತ್ರಕ್ಕೆ ತಾಣ ಸಾಚಾ ಎಂದಲ್ಲ. ಹೆಸರಿನಲ್ಲಿ ಒಂದಕ್ಷರ ಬದಲಿಸಿ ನಕಲಿ ಬ್ಯಾಂಕ್ ತಾಣ ಮಾಡುವ ವಂಚಕರೂ ಆ ನಕಲಿ ಹೆಸರಿಗೆ ಸರಿಯಾದ ಪ್ರಮಾಣಪತ್ರವನ್ನೇ ಪಡೆಯುತ್ತಾರೆ. ಬೀಗದ ಚಿತ್ರ ನೋಡಿ ಜನ ಮೋಸಹೋಗುತ್ತಾರೆಂದೇ ಕ್ರೋಮ್ 2023ರ ಸೆಪ್ಟೆಂಬರ್‌ನಲ್ಲಿ, 117ನೇ ಆವೃತ್ತಿಯಿಂದ, ಕಂಪ್ಯೂಟರಿನ ವಿಳಾಸಪಟ್ಟಿಯಿಂದ ಬೀಗವನ್ನು ತೆಗೆಯಿತು.

ಹಂತ 8: ಬೇಡದ ರೂಟ್ ಇದ್ದರೆ ಕಿತ್ತುಹಾಕಿ

‘ಈ ಫೈಲ್ ಇನ್‌ಸ್ಟಾಲ್ ಮಾಡಿಕೊಂಡರೆ ಎರರ್ ಹೋಗುತ್ತದೆ’ ಎಂದು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಪ್ರಮಾಣಪತ್ರ ಕಳಿಸಿದರೆ ಹಾಕಿಕೊಳ್ಳಬೇಡಿ. ಎರರ್ ಹೋಗುವುದೇನೋ ನಿಜ. ಜೊತೆಗೆ, ಆ ರೂಟ್‌ನ ಕೀಲಿ ಯಾರ ಕೈಯಲ್ಲಿದೆಯೋ ಅವರು ಜಗತ್ತಿನ ಯಾವ ತಾಣದ ವೇಷವನ್ನಾದರೂ ಹಾಕಿ ನಿಮ್ಮ ಮುಂದೆ ನಿಲ್ಲಬಲ್ಲರು. 2015ರ ಫೆಬ್ರುವರಿಯಲ್ಲಿ ಬಯಲಾದ ಸೂಪರ್‌ಫಿಶ್ ಪ್ರಕರಣ ಅದೇ: ಲೆನೊವೊದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಜಾಹೀರಾತು ತೂರಿಸುವ ತಂತ್ರಾಂಶವೊಂದು ತನ್ನ ರೂಟ್ ಸೇರಿಸಿಕೊಂಡೇ ಬಂದಿತ್ತು, ಎಲ್ಲ ಯಂತ್ರಕ್ಕೂ ಒಂದೇ ಕೀಲಿ. 2019ರಲ್ಲಿ ಕಝಾಕಸ್ತಾನದ ನಾಗರಿಕರಿಗೆ ಸರ್ಕಾರಿ ರೂಟ್ ಹಾಕಿಕೊಳ್ಳುವಂತೆ ಹೇಳಿದಾಗ ಗೂಗಲ್, ಮೊಜಿಲ್ಲಾಗಳು ಆ ರೂಟ್ ತಮ್ಮ ಬ್ರೌಸರುಗಳಲ್ಲಿ ಕೆಲಸ ಮಾಡದಂತೆ ಕಟ್ಟಿಹಾಕಿದವು.

ಆಂಡ್ರಾಯ್ಡ್‌ನ ಭದ್ರತೆಯ ಸೆಟ್ಟಿಂಗ್‌ನಲ್ಲಿ ‘ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್’ ಹುಡುಕಿ, ‘ಯೂಸರ್’ ಎಂಬ ಭಾಗ ನೋಡಿ. ಸಾಮಾನ್ಯವಾಗಿ ಅದು ಖಾಲಿ ಇರಬೇಕು. ಏನಾದರೂ ಇದ್ದು, ಏಕಿದೆ ಎಂದು ನಿಮಗೇ ಗೊತ್ತಿಲ್ಲದಿದ್ದರೆ ತೆಗೆಯಿರಿ. ವಿಂಡೋಸ್‌ನ ಪಟ್ಟಿ ‘ಸರ್ಟ್‌ಎಂಜಿಆರ್ ಡಾಟ್ ಎಂಎಸ್‌ಸಿ’ ಎಂಬ ಕಿಟಕಿಯಲ್ಲಿ, ‘ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್’ ಕೆಳಗಿದೆ. ಅಲ್ಲಿ ಹತ್ತಾರು ಅಪರಿಚಿತ ಹೆಸರುಗಳಿರುವುದು ಸಹಜ, ಕಂಡಕಂಡದ್ದನ್ನು ಅಳಿಸಬೇಡಿ. ನೀವು ಎಂದೋ ತೆಗೆದುಹಾಕಿದ ಆಂಟಿವೈರಸ್‌ನದ್ದೋ ಬಿಟ್ಟುಬಂದ ಕಚೇರಿಯದ್ದೋ ಹೆಸರು ಖಚಿತವಾಗಿ ಗುರುತು ಸಿಕ್ಕರೆ ಮಾತ್ರ ತೆಗೆಯಿರಿ.

ನಿಮ್ಮದೇ ಜಾಲತಾಣವಾಗಿದ್ದರೆ

ಸಂಘ, ಶಾಲೆ, ಅಂಗಡಿಯ ತಾಣ ನೋಡಿಕೊಳ್ಳುವವರಿಗೆ ಎರಡು ಮಾತು. ‘ನನ್ನ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಗ್ರಾಹಕರ ಮೊಬೈಲಿನಲ್ಲಿ ತೆರೆಯುವುದಿಲ್ಲ’ ಎಂಬ ದೂರಿಗೆ ಕಾರಣ ಬಹುತೇಕ ನಡುವಿನ ಪ್ರಮಾಣಪತ್ರ, ಅಂದರೆ ಇಂಟರ್‌ಮೀಡಿಯೆಟ್, ಸರ್ವರಿನಲ್ಲಿ ಇಲ್ಲದಿರುವುದು. ಕೆಲವು ಬ್ರೌಸರ್‌ಗಳು ಅದನ್ನು ತಾವೇ ಹುಡುಕಿ ತಂದುಕೊಳ್ಳುತ್ತವೆ, ಕೆಲವು ಇಲ್ಲ. ಎಸ್‌ಎಸ್‌ಎಲ್ ಲ್ಯಾಬ್ಸ್‌ನ ಉಚಿತ ಪರೀಕ್ಷೆಯಲ್ಲಿ ನಿಮ್ಮ ವಿಳಾಸ ಕೊಟ್ಟರೆ ‘ಚೈನ್ ಇನ್‌ಕಂಪ್ಲೀಟ್’ ಎಂದು ತೋರಿಸುತ್ತದೆ. ಕೊಟ್ಟವರಿಂದ ಪೂರ್ತಿ ಸರಣಿಯ ಫೈಲ್ ಪಡೆದು ಸರ್ವರಿನಲ್ಲಿ ಹಾಕಿ.

ಎರಡನೆಯದು ನವೀಕರಣ. ವರ್ಷಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಮಾಡುವ ಕಾಲ ಮುಗಿಯುತ್ತಿದೆ. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ 398 ದಿನವಿದ್ದ ಅವಧಿಯನ್ನು ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಸಂಸ್ಥೆಗಳೂ ಸೇರಿದ ವೇದಿಕೆ ಇಳಿಸುತ್ತಾ ಹೋಗಲು 2025ರಲ್ಲಿ ತೀರ್ಮಾನಿಸಿತು: 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ಕೈಯಲ್ಲಿ ಮಾಡುವ ಮಾತೇ ಇಲ್ಲ. ಹೋಸ್ಟಿಂಗ್‌ನವರ ಆಟೊ ರಿನ್ಯೂವಲ್ ಆನ್ ಇದೆಯೇ ನೋಡಿ, ಸ್ವಂತ ಸರ್ವರಾದರೆ ಸರ್ಟ್‌ಬಾಟ್‌ನಂಥ ಸಾಧನ ಕೂರಿಸಿ. ಹೊಸ ಪ್ರಮಾಣಪತ್ರ ಡಿಸ್ಕಿಗೆ ಬಂದು ಕೂತರೂ ಎನ್‌ಜಿನ್‌ಎಕ್ಸ್ ಮುಂತಾದ ಸರ್ವರ್ ತಂತ್ರಾಂಶ ರೀಲೋಡ್ ಆಗದಿದ್ದರೆ ಹಳೆಯದನ್ನೇ ತೋರಿಸುತ್ತಿರುತ್ತದೆ. ನವೀಕರಣದ ಬೆನ್ನಿಗೇ ರೀಲೋಡ್ ಆಜ್ಞೆಯನ್ನೂ ಸೇರಿಸಿಡಿ.